ಕೆಡವುವ ಮನೆಯಿಂದ ಏನು ಹೊತ್ತು ತರಲಿ, ಏನು ಬಿಟ್ಟು ಬರಲಿ?

ಮೂಲೆಮನೆ
ದೊಡ್ಡಪ್ಪನ ಹಳೆ ಮನೆ ಕೆಡವ್ತಿದ್ದಾರೆ. ಮುಂದಿನ ವಾರ ಜೆಸಿಬಿ ಬರುತ್ತೆ. "ಅಷ್ಟರೊಳಗೆ ಏನು ಬೇಕೋ ಬಿಚ್ಕೊಂಡು ಹೋಗು, ಆಮೇಲೆ ನನ್ನ ಕೇಳ್ಬೇಡ" ಅಂದಿದ್ದಾರೆ.

ಇರೋದು ಇಷ್ಟು: ದಪ್ಪ ಮರದ ಬಾಗಿಲುಗಳು, ಸರಳಿನ ಕಿಟಕಿಗಳು, ಚಾವಣಿಯ ತೊಲೆ ಮತ್ತು ರೀಪು, ರಾಶಿ ಇಟ್ಟಿಗೆ, ಹಿತ್ತಲಿನ ಶೆಡ್ಡಿನ ಸಿಮೆಂಟ್ ಶೀಟು, ಕಬ್ಬಿಣದ ನೀರಿನ ಪೈಪು, ಓಬೀರಾಯನ ಕಾಲದ ಸ್ವಿಚ್ ಬೋರ್ಡು. ಪಕ್ಕದ ಗೋದಾಮಿನವರು ಬೇಕಾದ್ರೆ ಸರಕು ಪೇರಿಸೋ ಮರದ ಪ್ಯಾಲೆಟ್ಟೂ ಕೊಡ್ತಾರಂತೆ.

ನನಗೆ ಬೇಕಾಗಿರೋದು ಗೋಡೆಯುದ್ದ ಪುಸ್ತಕದ ಕಪಾಟು, ಕೆಲಸಕ್ಕೆ ಒಂದು ಮೇಜು, ಹೊರಗೆ ಕೂರೋಕೆ ಬೆಂಚು, ಕೋಣೆ ಎರಡು ಭಾಗ ಮಾಡೋಕೆ ಒಂದು ತಡಿಕೆ. ಕೈಯಲ್ಲಿ ಡ್ರಿಲ್, ಗರಗಸ, ಸುತ್ತಿಗೆ ಇದೆ. ದುಡ್ಡು ಕಮ್ಮಿ ಇದೆ. ಯಾವುದಕ್ಕೆ ಮೊದಲು ಕೈ ಹಾಕ್ಲಿ? ನಾನು ಗುಜರಿ ಅಂಗಡಿ ಇಡೋಕೆ ಹೊರಟಿದ್ದೀನಿ ಅಂತ ಮನೆಯವರು ಆಗಲೇ ಶುರು ಮಾಡಿದ್ದಾರೆ.

ಹಳೇಬಾಗಿಲು
ಬಾಗಿಲು. ಕಣ್ಣು ಮುಚ್ಕೊಂಡು ಬಾಗಿಲು. ಚೌಕಟ್ಟಿನ ಸಮೇತ ಬಂದ್ರೆ ಇನ್ನೂ ಒಳ್ಳೇದು.

ಹಳೆ ತಿರುಪು ಬರದೇ ಇದ್ರೆ ಜೋರು ಮಾಡಿ ಅದರ ತಲೆ ಸವೆಸ್ಬೇಡಿ. ಸೀಳಿನಲ್ಲಿ ತುಂಬಿರೋ ಬಣ್ಣ ಕೆರೆದು ತೆಗೀರಿ, ಸ್ಕ್ರೂಡ್ರೈವರ್ ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಎರಡು ಏಟು ಹಾಕಿ, ಮೊದಲು ಬಿಗಿ ಮಾಡೋ ಕಡೆಗೇ ಒಂಚೂರು ತಿರುಗಿಸಿ, ಆಮೇಲೆ ಬಿಚ್ಚಿ. ಕೀಲು, ಚಿಲಕ, ಅಗಳಿ ಎಲ್ಲ ಒಂದೊಂದು ಬಾಗಿಲಿಂದು ಒಂದೊಂದು ಚೀಲಕ್ಕೆ ಹಾಕಿ, ಆ ಬಾಗಿಲಿಗೇ ಕಟ್ಟಿಬಿಡಿ. ಒಂದೇ ಡಬ್ಬಕ್ಕೆ ಸುರಿದ್ರೆ ಆಮೇಲೆ ಯಾವುದು ಯಾವುದರದ್ದು ಅಂತ ದೇವರಿಗೂ ಗೊತ್ತಾಗಲ್ಲ.

ಗುಜರಿಗುರು
ಮನೆಯವರು ಸರಿಯಾಗೇ ಹೇಳಿದ್ದಾರೆ. ಸಂಘಕ್ಕೆ ಸ್ವಾಗತ.

ಉಳಿಪೆಟ್ಟು
ಮರ ತರೋ ಮುಂಚೆ ಚುಚ್ಚಿ ನೋಡಿ ಸ್ವಾಮಿ. ನೆಲ ಮುಟ್ಟೋ ತುದಿ, ಗೋಡೆಯೊಳಗೆ ಹೂತಿರೋ ತುದಿ, ನೀರು ಸೋರಿದ ಕಲೆ ಇರೋ ಜಾಗ, ಈ ಮೂರು ಕಡೆ ಚೂಪಾದ ಸ್ಕ್ರೂಡ್ರೈವರ್ ಒತ್ತಿ. ಸಲೀಸಾಗಿ ಒಳಗೆ ಹೋಯ್ತು ಅಂದ್ರೆ ಅಷ್ಟು ಕೊಯ್ದು ಬಿಸಾಡಿ. ಉಳಿದದ್ದು ಗಟ್ಟಿ ಇರ್ಬಹುದು. ಒಂದು ತುದಿ ಕೊಳೆತಿದೆ ಅಂತ ಇಡೀ ತೊಲೆ ಬಿಟ್ಟು ಬರೋದು ದಡ್ಡತನ.

ಮೊಳೆ ವಿಷಯ. ತಲೆ ಸಣ್ಣ ಇರೋ ಮೊಳೆನ ಮುಂದಿನಿಂದ ಮೀಟಬೇಡಿ, ಒಣಗಿದ ಮರ ಸಿಬಿರು ಏಳುತ್ತೆ. ಹಲಗೆ ತಿರುವಿ ಹಾಕಿ, ಇಕ್ಕಳದಲ್ಲಿ ಚೂಪು ತುದಿ ಹಿಡಿದು ಹಿಂದಿನಿಂದಲೇ ಎಳೀರಿ. ಮುಖದ ಮೇಲೆ ಸಣ್ಣ ತೂತು ಬಿಟ್ರೆ ಏನೂ ಕಾಣಲ್ಲ. ಎಲ್ಲ ಆದ್ಮೇಲೆ ಒಂದು ಗಟ್ಟಿ ಅಯಸ್ಕಾಂತ ಮೇಲೆ ಓಡಾಡಿಸಿ. ಒಳಗೆ ಮುರಿದು ಉಳಿದ ಮೊಳೆ ಒಂದೇ ಒಂದು ಸಾಕು, ಹತ್ತರಿಯ ಬಾಯಿ ಹಾಳು.

ಪುಟ್ಟಗರಗಸ
@ಉಳಿಪೆಟ್ಟು ಅಣ್ಣಾ, ನನ್ನ ಹತ್ರ ಇರೋ ಹಳೆ ಹಲಗೆಯಲ್ಲಿ ಸೂಜಿ ತೂತುಗಳಿವೆ. ಕುಟ್ಟೆ ಹುಳ ಈಗಲೂ ಒಳಗಿದೆಯೋ, ಹೋಗಿ ಕಾಲ ಆಗಿದೆಯೋ ಹೇಗೆ ತಿಳಿಯೋದು?

ಉಳಿಪೆಟ್ಟು
ತಟ್ಟಿ ಹಳೆ ಪುಡಿಯೆಲ್ಲ ಉದುರಿಸಿಬಿಡು. ಕಪ್ಪು ಕಾಗದ ಹಾಸಿ ಅದರ ಮೇಲೆ ಹಲಗೆ ಇಟ್ಟು ಕೆಲವು ವಾರ ಮುಟ್ಟಬೇಡ. ಕಾಗದದ ಮೇಲೆ ಹೊಸದಾಗಿ ಮೈದಾ ಥರದ ಪುಡಿ ಬಿದ್ದಿದ್ರೆ ಹುಳ ಜೀವಂತ. ಬೀಳದಿದ್ರೂ ಇನ್ನೊಂದಷ್ಟು ಕಾಲ ಕಣ್ಣಿಡು, ಮರಿಹುಳ ಒಳಗೆ ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತೆ. ಈ ಹುಳ ತಿನ್ನೋದು ಹೆಚ್ಚಾಗಿ ಹೊರಗಿನ ಬಿಳಿ ಮರ, ಅದರಲ್ಲಿ ಪಿಷ್ಟ ಇರುತ್ತೆ. ಒಳಗಿನ ಕೆಚ್ಚಿಗೆ ಸಾಮಾನ್ಯವಾಗಿ ಬಾಯಿ ಹಾಕಲ್ಲ. ಬಿಳಿ ಭಾಗ ಕೊಯ್ದು ತೆಗೆದ್ರೆ ಅರ್ಧ ಚಿಂತೆ ಹೋಯ್ತು.

ಬೋರಾಕ್ಸ್, ಬೋರಿಕ್ ಪುಡಿ ಬಿಸಿನೀರಲ್ಲಿ ಕರಗಿಸಿ ಬಳೀತಾರೆ. ಬಣ್ಣ, ವಾರ್ನಿಷ್ ಇರೋ ಮರಕ್ಕೆ ಬಳಿದ್ರೆ ಒಳಗೆ ಇಳಿಯಲ್ಲ, ಬರೀ ಮೈ ಒದ್ದೆ. ಮೊದಲು ಮರ ಬರಿದು ಮಾಡ್ಬೇಕು. ಮಕ್ಕಳ ಕೈಗೆ ಸಿಗದ ಹಾಗೆ ಇಡು, ಹೊಟ್ಟೆಗೆ ಹೋಗೋ ವಸ್ತು ಅಲ್ಲ ಅದು.

ಕಡ್ಡಿಪುಡಿ
ಎಲ್ಲರೂ ಹುರಿದುಂಬಿಸ್ತಿದ್ದೀರಾ, ಯಾರೂ ಲೆಕ್ಕ ಹೇಳ್ತಿಲ್ಲ. ಮರ ಬಿಟ್ಟಿ ಸರಿ. ಸಾಗಿಸೋಕೆ ಗಾಡಿ, ಉಜ್ಜೋಕೆ ಕಾಗದ, ಬ್ಲೇಡು, ಬಣ್ಣ ತೆಗೆಯೋ ದ್ರವ, ಪ್ರೈಮರ್, ಪಾಲಿಶ್? ಆಮೇಲೆ ರಜಾ ದಿನಗಳೆಲ್ಲ ಧೂಳಲ್ಲಿ. ನನ್ನ ತಮ್ಮ ಇದೇ ಥರ "ಉಳಿತಾಯ" ಮಾಡಿದ. ಇವತ್ತಿಗೂ ಅವನ ಗ್ಯಾರೇಜಿಗೆ ಗಾಡಿ ಹೋಗಲ್ಲ, ಬಾಗಿಲುಗಳೇ ಮಲಗಿವೆ. ರೆಡಿಮೇಡ್ ಕಪಾಟು ತಂದು ಜೋಡಿಸಿ, ಆ ಸಮಯದಲ್ಲಿ ಪುಸ್ತಕ ಓದಿ.

ಅಮ್ಮನಡಬ್ಬ
ಕಡ್ಡಿಪುಡಿಯವರೇ, ರೆಡಿಮೇಡ್ ಕಪಾಟು ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿ ನೋಡಿದ್ದೀರಾ? ಒತ್ತಿದ ಹೊಟ್ಟಿನ ಹಲಗೆ, ಎರಡನೇ ಸಲಕ್ಕೆ ತಿರುಪು ಹಿಡಿಯಲ್ಲ. ನೀರು ತಾಗಿದ್ರೆ ಹೂವಿನ ಹಾಗೆ ಅರಳುತ್ತೆ. ಹಳೆ ಗಟ್ಟಿ ಮರದಲ್ಲಿ ತಿರುಪಿನ ತೂತು ಸಡಿಲ ಆದ್ರೆ ಬೆಂಕಿಕಡ್ಡಿಗೆ ಅಂಟು ಹಚ್ಚಿ ತುಂಬಿ, ಒಣಗಿದ ಮೇಲೆ ಅದೇ ತೂತಿಗೆ ಅದೇ ತಿರುಪು. ಇನ್ನೊಂದು ತಲೆಮಾರು ಬಾಳುತ್ತೆ.

ಆದ್ರೆ ಗ್ಯಾರೇಜಿನ ಮಾತು ಒಪ್ತೀನಿ. ನನ್ನ ಕಟ್ಟುನಿಟ್ಟು ಏನಂದ್ರೆ, ಯಾವ ವಸ್ತು ಎಲ್ಲಿ ಹೋಗುತ್ತೆ ಅಂತ ಕಾಗದದ ಮೇಲೆ ಗೀಚಿರದೆ ಏನೂ ಮನೆಯೊಳಗೆ ಬರಂಗಿಲ್ಲ. "ಮುಂದೆ ಯಾವುದಕ್ಕಾದ್ರೂ ಆಗುತ್ತೆ" ಅನ್ನೋ ವಸ್ತುವೇ ಮನೆ ತುಂಬೋದು.

ಕಡ್ಡಿಪುಡಿ
ಹಾಗಾದ್ರೆ ನಮ್ಮಿಬ್ಬರದೂ ಒಂದೇ ಮಾತು.

ಅಮ್ಮನಡಬ್ಬ
ಅಲ್ಲ. ನೀವು ತರಲೇಬೇಡಿ ಅಂತಿದ್ದೀರಾ, ನಾನು ಅಳತೆ ಹಿಡ್ಕೊಂಡು ಹೋಗಿ ಅಂತಿದ್ದೀನಿ.

ಅಡಿಗೋಲು
ಕಪಾಟಿನ ಬಗ್ಗೆ. ಪುಸ್ತಕ ಹಗುರ ಅಂದ್ಕೋಬೇಡಿ, ಒಂದು ಮೀಟರ್ ಉದ್ದ ತುಂಬಿಸಿದ್ರೆ ಸುಮಾರು 30 ಕಿಲೋ ತೂಗುತ್ತೆ. ಮುಕ್ಕಾಲು ಅಂಗುಲ ದಪ್ಪದ ಹಲಗೆಗೆ ಎರಡೂವರೆ ಅಡಿಗೊಂದು ಆಧಾರ ಕೊಡಿ. ಆಧಾರದ ಅಂತರ ಎರಡರಷ್ಟು ಮಾಡಿದ್ರೆ ಹಲಗೆ ಎಂಟು ಪಟ್ಟು ಬಾಗುತ್ತೆ.

ತೂಗುಗುಂಡು
ಹದಿನಾರು ಪಟ್ಟು ಸರ್. ನಡುವೆ ಒಂದೇ ಒಂದು ಭಾರ ಇಟ್ಟಾಗ ಎಂಟು. ಪುಸ್ತಕ ಉದ್ದಕ್ಕೂ ಇರುತ್ತೆ, ಅಂತರ ಹೆಚ್ಚಾದ ಹಾಗೆ ಭಾರವೂ ಹೆಚ್ಚುತ್ತೆ, ಅದಕ್ಕೇ 16.

ಅಡಿಗೋಲು
ಹೌದು, ಭಾರ ಹೆಚ್ಚೋದನ್ನ ಸೇರಿಸಿದ್ರೆ 16. ದಪ್ಪ ಎರಡರಷ್ಟಾದ್ರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ ಅನ್ನೋದಕ್ಕೆ ನಿಮ್ಮ ತಕರಾರಿಲ್ಲ ತಾನೇ? ಹಳೆ ಬಾಗಿಲಿನ ಒಂದೂವರೆ ಅಂಗುಲದ ಹಲಗೆಯ ಮಜಾ ಇರೋದೇ ಅಲ್ಲಿ. ಹೊಸದಾಗಿ ಅಷ್ಟು ದಪ್ಪ ಕೊಳ್ಳೋಕೆ ಯಾರಿಗೂ ಮನಸ್ಸು ಬರಲ್ಲ.

ತೂಗುಗುಂಡು
ಅದು ಸರಿ. ತೊಲೆ ಮಾತ್ರ ಮತ್ತೆ ಚಾವಣಿ ಹೊರೋಕೆ ಬಳಸ್ಬೇಡಿ, ಲೆಕ್ಕ ಬಲ್ಲ ಇಂಜಿನಿಯರ್ ನೋಡದೆ. ಬೆಂಚಿಗೆ ಧಾರಾಳವಾಗಿ ಬಳಸಿ.

ಹೊಗೆಕೊಳವೆ
ಸಿಮೆಂಟ್ ಶೀಟು ಯಾಕೆ ಯಾರೂ ಹೇಳ್ತಿಲ್ಲ? ಚೆನ್ನಾಗಿದ್ರೆ ತಗೊಳ್ಳಿ. ಅದನ್ನೇ ಕತ್ತರಿಸಿ ತಡಿಕೆ ಮಾಡಿದ್ರೆ ಗೆದ್ದಲೂ ಬರಲ್ಲ.

ಬಿಳಿಮುಸುಕು
ದಯವಿಟ್ಟು ಬೇಡ. ಹಳೆ ಶೆಡ್ಡಿನ ಅಲೆಅಲೆ ಸಿಮೆಂಟ್ ಶೀಟು ಅಂದ್ರೆ ಬಹುಪಾಲು ಕಲ್ನಾರು, ಅಂದ್ರೆ ಆಸ್‌ಬೆಸ್ಟಾಸ್ ಸೇರಿಸಿದ್ದೇ. ಕತ್ತರಿಸಿದಾಗ, ತೂತು ಹೊಡೆದಾಗ, ಮುರಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರ್ತವೆ, ಶ್ವಾಸಕೋಶಕ್ಕೆ ಹೋದ್ರೆ ಅಲ್ಲೇ ಕೂರ್ತವೆ.

ಹೊಗೆಕೊಳವೆ
ನಮ್ಮ ತಲೆ ಮೇಲೆ ಆ ಶೀಟೇ ಇತ್ತು, ಚಿಕ್ಕಂದಿನಿಂದ. ಯಾರಿಗೂ ಏನೂ ಆಗಿಲ್ಲ.

ಬಿಳಿಮುಸುಕು
ತಲೆ ಮೇಲೆ ಬಿರುಕು ಬಿಡದೆ ಕೂತಿರೋದು ಬೇರೆ, ಗ್ರೈಂಡರ್ ಹಾಕಿ ಕೊಯ್ಯೋದು ಬೇರೆ. ಈ ಕಾಯಿಲೆಗಳು ಕಾಣಿಸ್ಕೊಳ್ಳೋಕೆ ಹತ್ತಾರು ವರ್ಷ ತಗೊಳ್ತವೆ, ಅದಕ್ಕೇ "ಏನೂ ಆಗಿಲ್ಲ" ಅನ್ನಿಸೋದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನ ಮೊದಲ ಗುಂಪಿನಲ್ಲಿ ಇಟ್ಟಿದೆ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅನ್ನೋದು ಖಚಿತ. ಬ್ರಿಟನ್ 1999ರಲ್ಲಿ ನಿಷೇಧ ಮಾಡ್ತು, ಐರೋಪ್ಯ ಒಕ್ಕೂಟ 2005ರಲ್ಲಿ. ಮೂಗಿಗೆ ಕಟ್ಟಿಕೊಳ್ಳೋ ಬಟ್ಟೆ ಇದಕ್ಕೆ ಲೆಕ್ಕಕ್ಕಿಲ್ಲ.

@ಮೂಲೆಮನೆ, ಜೆಸಿಬಿ ಆ ಶೆಡ್ಡನ್ನ ನುಚ್ಚು ಮಾಡೋ ದಿನ ನೀವ್ಯಾರೂ ಹತ್ತಿರ ನಿಲ್ಲಬೇಡಿ. ಮೊದಲೇ ಒದ್ದೆ ಮಾಡಿ, ಇಡಿಯಾಗಿ ಇಳಿಸೋದು ಗೊತ್ತಿರೋರ ಕೈಲಿ ಇಳಿಸೋಕೆ ದೊಡ್ಡಪ್ಪನಿಗೆ ಹೇಳಿ.

ಮೂಲೆಮನೆ
ಅಯ್ಯೋ, ತಡಿಕೆಗೆ ಅದೇ ಅಂತ ಲೆಕ್ಕ ಹಾಕಿದ್ದೆ. ಕೈಬಿಟ್ಟೆ. ದೊಡ್ಡಪ್ಪನಿಗೆ ಈಗಲೇ ಫೋನ್ ಮಾಡ್ತೀನಿ.

ಮಾರಾಯ
ತಡಿಕೆಗೆ ಕಿಟಕಿಯನ್ನೇ ಹಾಕಿ ಮಾರಾಯ್ರೆ. ನಾಲ್ಕು ಕಿಟಕಿ ಸಾಲಾಗಿ ನಿಲ್ಲಿಸಿ, ಕೆಳಗೆ ಹಲಗೆ, ಮೇಲೆ ಹಲಗೆ. ಬೆಳಕೂ ಬರ್ತದೆ, ಬೇಕಾದಾಗ ತೆರೀಲಿಕ್ಕೂ ಆಗ್ತದೆ. ಚೌಕಟ್ಟುಗಳ ಎತ್ತರ ಒಂದೇ ಇರುವುದಿಲ್ಲ ಅಂತ ತಲೆ ಕೆಡಿಸ್ಕೊಳ್ಬೇಡಿ. ಅತಿ ಎತ್ತರದ್ದಕ್ಕೆ ಸಮ ಮಾಡಿ, ಉಳಿದದ್ದರ ಕೆಳಗೆ ಪಟ್ಟಿ ತುಂಬಿ. ನಕ್ಷೆ ಮೊದಲು ಬರೆದು ಆಮೇಲೆ ವಸ್ತು ಹುಡುಕಿದರೆ ಹಳೆ ಸಾಮಾನು ಯಾವತ್ತೂ ಹೊಂದುವುದಿಲ್ಲ. ಸಿಕ್ಕಿದ್ದನ್ನು ಅಳೆದು ಆಮೇಲೆ ನಕ್ಷೆ ಬರೀಬೇಕು.

ಅಮ್ಮನಡಬ್ಬ
@ಮಾರಾಯ ನಾನು ಹೇಳಿದ್ದಕ್ಕೆ ತದ್ವಿರುದ್ಧ ಇದು!

ಮಾರಾಯ
ಎಂತ ವಿರುದ್ಧ? ನೀವು ಜಾಗ ಅಳೆದು ಹೋಗಿ, ನಾನು ವಸ್ತು ಅಳೆದು ಬರ್ತೇನೆ. ಟೇಪು ಒಂದೇ.

ಪುಟ್ಟಗರಗಸ
😂

ಸೀಸದಕಡ್ಡಿ
ಬಾಗಿಲು, ಕಿಟಕಿ ಎಲ್ಲರೂ ತನ್ನಿ ತನ್ನಿ ಅಂತೀರಿ. ಮೇಲಿರೋ ಬಣ್ಣ? ಹಳೆ ಎಣ್ಣೆ ಬಣ್ಣದಲ್ಲಿ ಸೀಸ ಇರೋ ಸಾಧ್ಯತೆ ಜಾಸ್ತಿ. ಅಮೆರಿಕ ಮನೆಬಣ್ಣದಲ್ಲಿ ಅದನ್ನ 1978ರಲ್ಲೇ ನಿಲ್ಲಿಸ್ತು, ಭಾರತದಲ್ಲಿ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದಿದ್ದು 2017ರಲ್ಲಿ. ಪದರದ ಮೇಲೆ ಪದರ ಬಳಿದಿರೋ ಬಾಗಿಲಿನಲ್ಲಿ ಅಡಿಯ ಪದರ ಯಾವ ಕಾಲದ್ದೋ ಹೇಳೋಕಾಗಲ್ಲ.

ಹಾಗಾಗಿ ಒಣ ಕಾಗದದಲ್ಲಿ ಉಜ್ಜಬೇಡಿ, ಮೆಷಿನ್ ಅಂತೂ ಬೇಡವೇ ಬೇಡ. ಬೆಂಕಿ ಹಿಡಿದು ಸುಡೋದೂ ಬೇಡ, ಸೀಸ ಹೊಗೆಯಾಗಿ ಏಳುತ್ತೆ. ಬಣ್ಣ ತೆಗೆಯೋ ದ್ರವ ಹಚ್ಚಿ ಕೆರೆಯೋದು ಅಥವಾ ನೀರು ಚಿಮುಕಿಸ್ತಾ ಒದ್ದೆಯಾಗಿ ಕೆರೆಯೋದು ಸರಿಯಾದ ದಾರಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಕೆರೆದ ಚೂರನ್ನೆಲ್ಲ ಅದರಲ್ಲೇ ಸುತ್ತಿ ಕಟ್ಟಿ. ಕೆಲಸದಲ್ಲಿ ಹಾಕಿದ್ದ ಬಟ್ಟೆನ ಮಕ್ಕಳ ಬಟ್ಟೆ ಜೊತೆ ಒಗೀಬೇಡಿ. ಪುಟ್ಟ ಮಕ್ಕಳಿದ್ರೆ, ಬಸುರಿಯರಿದ್ರೆ ಈ ಕೆಲಸ ಮನೆಯೊಳಗೆ ಮಾಡ್ಲೇಬೇಡಿ.

ಬಣ್ಣ ಗಟ್ಟಿಯಾಗಿ ಕೂತಿದ್ರೆ ಕೆರೆಯೋ ಉಸಾಬರಿಯೇ ಬೇಡ, ತೊಳೆದು ಒಣಗಿಸಿ ಮೇಲೆ ಹೊಸ ಬಣ್ಣ ಬಳಿದು ಮುಚ್ಚಿ. ಪದೇ ಪದೇ ತಿಕ್ಕಾಡೋ ಜಾಗ, ಅಂದ್ರೆ ಕಿಟಕಿ ರೆಕ್ಕೆಯ ಅಂಚು, ಬಾಗಿಲಿನ ಅಂಚು, ಅಲ್ಲಿ ಮಾತ್ರ ಪೂರ್ತಿ ತೆಗೆಯೋದು ಒಳ್ಳೇದು. ಪುಡಿ ಉದುರೋದು ಅಲ್ಲಿಂದಲೇ.

ಕಡ್ಡಿಪುಡಿ
ನೋಡಿ, ಬಿಟ್ಟಿ ಬಾಗಿಲಿಗೆ ಎಷ್ಟು ಉಪಚಾರ! ಮಗಳ ಮದುವೆಯಲ್ಲೂ ಇಷ್ಟಿರಲ್ಲ.

ಹಳೇಬಾಗಿಲು
@ಕಡ್ಡಿಪುಡಿ ಸರ್, ನೀವು ಇನ್ನೂ ಇಲ್ಲೇ ಇದ್ದೀರಾ ಅಂದ್ರೆ ನಿಮಗೂ ಒಂದು ಬಾಗಿಲು ಬೇಕು ಅಂತ ಅರ್ಥ.

ಗೋದಾಮು
ಪ್ಯಾಲೆಟ್ಟಿಗೆ ಬರೋಣ. ಬದಿಯಲ್ಲಿ ಸುಟ್ಟು ಒತ್ತಿದ ಮುದ್ರೆ ನೋಡಿ, ಗೋಧಿ ತೆನೆಯ ಚಿತ್ರ ಇರುತ್ತೆ. ಪಕ್ಕದಲ್ಲಿ ಎಚ್‌ಟಿ ಅಂತಿದ್ರೆ ಬಿಸಿ ಮಾಡಿದ ಮರ, ಒಳತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಇರ್ಬೇಕು ಅನ್ನೋದು ಅಂತಾರಾಷ್ಟ್ರೀಯ ನಿಯಮ. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ಹುಳ ಕೊಲ್ಲೋ ವಿಷಾನಿಲ ಹಾಯಿಸಿದ್ದು, ಅದನ್ನ ಮುಟ್ಟಬೇಡಿ. ಮುದ್ರೆಯೇ ಇಲ್ಲದಿದ್ರೆ ಮನೆಯೊಳಗೆ ಬೇಡ. ಎಚ್‌ಟಿ ಇದ್ರೂ ಎಣ್ಣೆ ಕಲೆ, ವಿಚಿತ್ರ ವಾಸನೆ ಇದ್ರೆ ಬಿಡಿ. ಆ ಮರ ಎಚ್‌ಟಿ ಆದ್ಮೇಲೆ ಅದರ ಮೇಲೆ ಯಾವ ರಾಸಾಯನಿಕದ ಡ್ರಮ್ಮು ಸೋರಿತ್ತೋ ಮುದ್ರೆ ಹೇಳಲ್ಲ.

ಬಿಚ್ಚೋಕೆ ಸುತ್ತಿಗೆಯಲ್ಲಿ ಬಡೀಬೇಡಿ, ಅದರ ಮೊಳೆಗೆ ಸುರುಳಿ ಏಣು ಇರುತ್ತೆ, ಹಲಗೆ ಸೀಳುತ್ತೆ. ಹಲಗೆಗೂ ತುಂಡಿಗೂ ನಡುವೆ ಕಬ್ಬಿಣ ಕೊಯ್ಯೋ ಬ್ಲೇಡು ಹಾಕಿ ಮೊಳೆಯನ್ನೇ ಕತ್ತರಿಸಿ.

ಉಳಿಪೆಟ್ಟು
ನನ್ನ ಕೇಳಿದ್ರೆ ಗಟ್ಟಿ ಮರದ ಬಾಗಿಲು ಸಿಗ್ತಿರೋವಾಗ ಪ್ಯಾಲೆಟ್ ಹಿಂದೆ ಹೋಗೋದು ಬೇಡ. ಫೋಟೋದಲ್ಲಿ ಚೆಂದ, ಕೂತ್ರೆ ಸಿಬಿರು.

ಫ್ಯೂಸುಹೋಯ್ತು
ಸ್ವಿಚ್ ಬೋರ್ಡು ಬಿಟ್ಟುಬಿಡಿ. ಹಳೆ ವೈರು, ಸ್ವಿಚ್ಚು, ಸಾಕೆಟ್ಟು ಯಾವುದನ್ನೂ ಮತ್ತೆ ಕರೆಂಟಿಗೆ ಜೋಡಿಸ್ಬೇಡಿ. ವೈರಿನ ಹೊದಿಕೆ ಒಣಗಿ ಪುಡಿಯಾಗುತ್ತೆ, ಸ್ವಿಚ್ಚಿನೊಳಗಿನ ಸ್ಪ್ರಿಂಗು ಸೋತಿರುತ್ತೆ, ಬಿಗಿ ಇಲ್ಲದ ಕಡೆ ಕಾಯುತ್ತೆ. ತಾಮ್ರವನ್ನ ತೂಕಕ್ಕೆ ಹಾಕಿ, ಬಂದ ದುಡ್ಡಲ್ಲಿ ಉಜ್ಜೋ ಕಾಗದ ಕೊಳ್ಳಿ. ಬಿಚ್ಚೋ ಮುಂಚೆ ಮೇನ್ ಆಫ್ ಆಗಿದೆಯಾ ಅಂತ ಟೆಸ್ಟರ್ ಇಟ್ಟು ನೋಡಿ. "ಲೈನ್ ತೆಗೆಸಿದ್ದೀವಿ" ಅಂತ ಯಾರಾದ್ರೂ ಹೇಳಿದ್ರು ಅಂತ ನಂಬಬೇಡಿ.

ನಲ್ಲಿನೀರು
ಪೈಪಿಗೂ ಅದೇ ಮಾತು. ಒಳಗೆ ತುಕ್ಕು ಕಟ್ಟಿರುತ್ತೆ, ಕುಡಿಯೋ ನೀರಿಗೆ ಬೇಡ. ಪರದೆ ಕಂಬಿ, ಬೆಂಚಿನ ಕಾಲು, ಕಪಾಟಿನ ಆಧಾರಕ್ಕೆ ಸೊಗಸಾಗಿರುತ್ತೆ. ಸತು ಬಳಿದ ಪೈಪನ್ನ ವೆಲ್ಡಿಂಗ್ ಮಾತ್ರ ಮಾಡಿಸ್ಬೇಡಿ. ಆ ಬಿಳಿ ಹೊಗೆ ಕುಡಿದ್ರೆ ಚಳಿಜ್ವರ ಬಂದ ಹಾಗೆ ನಡುಕ ಬರುತ್ತೆ. ತುದಿಯಲ್ಲಿ ತಿರುಪಿನ ಸುತ್ತು ಇರೋ ಪೈಪು, ತಿರುಗಿಸಿ ಜೋಡಿಸಿ.

ಪುಟ್ಟಗರಗಸ
ತುಕ್ಕಿಗೆ ನಾನು ವಾಷಿಂಗ್ ಸೋಡಾ ನೀರಲ್ಲಿ ಮುಳುಗಿಸಿ ಬ್ಯಾಟರಿ ಚಾರ್ಜರ್ ಕೊಡ್ತೀನಿ. ಋಣ ತುದಿ ತುಕ್ಕಿನ ವಸ್ತುವಿಗೆ, ಧನ ತುದಿ ಒಂದು ಬೇಡದ ಲೋಹಕ್ಕೆ. ಮಾರನೇ ದಿನಕ್ಕೆ ತುಕ್ಕು ಉಜ್ಜಿದ್ರೆ ಬರುತ್ತೆ. ಹಳೆ ಸ್ಟೀಲ್ ತಟ್ಟೆ ಧನ ತುದಿಗೆ ಹಾಕೋಣ ಅಂತಿದ್ದೀನಿ, ಬೇಗ ಸವೆಯಲ್ಲ.

ಬಿಳಿಮುಸುಕು
ಸ್ಟೇನ್‌ಲೆಸ್ ಸ್ಟೀಲ್ ಖಂಡಿತ ಬೇಡ ಪುಟ್ಟ. ಅದರೊಳಗಿನ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಬಿಡುತ್ತೆ. ಮಾಮೂಲಿ ಕಬ್ಬಿಣದ ತುಂಡೇ ಸಾಕು. ಮತ್ತೆ ಬಯಲಲ್ಲಿ ಮಾಡು, ಅಲ್ಲಿ ಹೈಡ್ರೋಜನ್ ಬರುತ್ತೆ, ಕಿಡಿ ಬೇಡ.

ಗೌಡ್ರಗೋಡೆ
ಇಟ್ಟಿಗಿ ಬಗ್ಗೆ ನಾ ಹೇಳ್ತೀನ್ರಿ. ಸುಣ್ಣದ ಗಾರಿ ಇದ್ರ ಬಾಚಿ ತಾಗಿಸಿದ್ರ ಸಾಕು, ಕಳಚಿ ಬೀಳ್ತದ. ಸಿಮೆಂಟ್ ಗಾರಿ ಇದ್ರ ಇಟ್ಟಿಗಿನ ಒಡೀತದ, ಗಾರಿ ಬಿಡೂದಿಲ್ಲ. ಅಂಥಾ ಗೋಡಿ ಮುಟ್ಟಾಕ ಹೋಗಬ್ಯಾಡ್ರಿ, ಕೈ ನೋವಾಗೂದಷ್ಟ.

ಎರಡು ಇಟ್ಟಿಗಿ ಒಂದಕ್ಕೊಂದು ತಟ್ರಿ. ಠಣ್ ಅಂದ್ರ ಇಟಗೋರಿ, ಡಬ್ ಅಂದ್ರ ಬಿಡ್ರಿ. ಇನ್ನೂ ಅನುಮಾನ ಇದ್ರ ಒಣಗಿದ್ದು ಒಂದು ತೂಗಿ, ಒಂದು ದಿನಾ ನೀರಾಗ ಇಟ್ಟು ಮತ್ತ ತೂಗ್ರಿ. ತೂಕ ನೂರಕ್ಕ 20ಕ್ಕಿಂತ ಹೆಚ್ಚು ಏರಿದ್ರ ಆ ಇಟ್ಟಿಗಿ ಮೆತ್ತಗದ. ಭಾರ ಹೊರೂ ಗೋಡಿಗೆ ಹಳೇವು ಬ್ಯಾಡ್ರಿ, ಗಿಡದ ಪಾತಿ, ಕುಂದ್ರೂ ಕಟ್ಟಿ, ಕಾಲುದಾರಿಗೆ ಹಾಕ್ರಿ. ಕಟ್ಟೂ ಮುಂಚೆ ನೆನಸ್ರಿ, ಇಲ್ಲಂದ್ರ ಗಾರಿಯ ನೀರೆಲ್ಲಾ ಹೀರತದ.

ಹೊಗೆಕೊಳವೆ
ಗೌಡ್ರೇ, ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆ ಇಟ್ಟಿಗೆಗೆ ಮತ್ತೆ ಸಿಮೆಂಟ್ ಹಾಕ್ಬಹುದಾ?

ಗೌಡ್ರಗೋಡೆ
ಪಾತಿಗೆ ಯಾವುದಾದ್ರೂ ನಡೀತದ್ರಿ. ಹಳೆ ಗೋಡಿಗೇ ಸೇರಿಸಿ ಕಟ್ಟೂದಿದ್ರ ಸುಣ್ಣಾನ ಹಾಕ್ರಿ. ಮೆತ್ತನ ಇಟ್ಟಿಗಿಗೆ ಗಡಸು ಸಿಮೆಂಟ್ ಹಾಕಿದ್ರ ತೇವ ಹೊರಗ ಬರೂ ದಾರಿ ಇಟ್ಟಿಗಿ ಮ್ಯಾಲ ಬೀಳ್ತದ, ಅದರ ಮುಖಾ ಉದರತದ.

ಕನ್ನಡಿಚೂರು
ಕಿಟಕಿ ಗಾಜು ಕತ್ತರಿಸೋದಾದ್ರೆ ಮೂಲೆಯಲ್ಲಿ ಸಣ್ಣ ಮುದ್ರೆ ಇದೆಯಾ ನೋಡಿ. ಟಫನ್ಡ್ ಗಾಜಾದ್ರೆ, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ್ದಾದ್ರೆ, ಕತ್ತರಿಸೋಕೇ ಆಗಲ್ಲ, ಗೀರು ಆಳಕ್ಕೆ ಇಳಿದ್ರೆ ಇಡೀ ಹಾಳೆ ಕಾಳು ಕಾಳಾಗಿ ಸುರಿಯುತ್ತೆ. ಮಾಮೂಲಿ ಹಳೆ ಗಾಜಾದ್ರೆ ಚೆನ್ನಾಗಿ ಒರೆಸಿ, ಕಟರ್ ಚಕ್ರಕ್ಕೆ ಎಣ್ಣೆ ಹಚ್ಚಿ, ಒಂದೇ ಸಲ ಗೀರೆಳೀರಿ. ಅದೇ ಗೀರಿನ ಮೇಲೆ ಇನ್ನೊಮ್ಮೆ ಎಳೆದ್ರೆ ಅಡ್ಡಾದಿಡ್ಡಿ ಒಡೆಯುತ್ತೆ.

@ಮಾರಾಯ ಹೇಳಿದ ತಡಿಕೆಗೆ ಒಂದು ಮಾತು. ಮೊಣಕಾಲಿನ ಎತ್ತರದಲ್ಲಿ ಹಳೆ ಗಾಜು ಬೇಡ. ಮಕ್ಕಳು ಓಡಿ ಬಂದು ಗುದ್ದೋದು ಅಲ್ಲೇ.

ಮಾರಾಯ
ಅದಕ್ಕೇ ಅಲ್ವಾ ಕೆಳಗೆ ಹಲಗೆ ಅಂದದ್ದು. ಆದರೂ ಒಪ್ಪಿದೆ.

ಅಗಸೆಎಣ್ಣೆ
ಕೊನೆಗೆ ಪಾಲಿಶ್ ಮಾಡೋವಾಗ ಅಗಸೆ ಎಣ್ಣೆ ಬಳಸೋರಿಗೆ ಒಂದು ಮಾತು, ಇದನ್ನ ಯಾರೂ ಹೇಳಿಕೊಡಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನ ಉಂಡೆ ಮಾಡಿ ಮೂಲೆಗೆ ಎಸೀಬೇಡಿ. ಆ ಎಣ್ಣೆ ಗಾಳಿ ಹೀರಿ ಒಣಗೋವಾಗ ಬಿಸಿಯಾಗುತ್ತೆ, ಉಂಡೆಯೊಳಗಿನ ಬಿಸಿ ಹೊರಗೆ ಹೋಗದೆ ತಾನಾಗೇ ಬೆಂಕಿ ಹತ್ತುತ್ತೆ. ಬಿಡಿಸಿ ಹೊರಗೆ ಒಂದೊಂದಾಗಿ ಹರವಿ, ಗರಿಗರಿ ಒಣಗಿದ ಮೇಲೆ ಬಿಸಾಡಿ. ಇಲ್ಲಾಂದ್ರೆ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ.

ಹೊಗೆಕೊಳವೆ
ಬೆಂಕಿಕಡ್ಡಿ ಗೀರದೇನೇ? ಸುಮ್ನಿರಿ.

ಅಗಸೆಎಣ್ಣೆ
ನಮ್ಮ ಭಾವನ ಶೆಡ್ಡಿನಲ್ಲಿ ಕಸದ ಬುಟ್ಟಿ ಹೊಗೆಯಾಡ್ತಿತ್ತು. ಊಟಕ್ಕೆ ಹೋಗಿ ಬರೋದ್ರೊಳಗೆ. ನಾನೇ ಬಕೆಟ್ ಹಿಡ್ಕೊಂಡು ಓಡಿದ್ದು.

ಹೊಗೆಕೊಳವೆ
ಸರಿ ಬಿಡಿ. ಶೀಟಿನಲ್ಲೂ ಸೋತೆ, ಇಲ್ಲೂ ಸೋತೆ.

ಗುಜರಿಗುರು
ಹತ್ತರಿ ಸಾಣೆ ಹಿಡಿಯೋದು ಯಾರು ಮಾಡ್ತೀರಾ? ಹಳೆ ಹತ್ತರಿ ಒಂದು ಸಿಕ್ಕಿದೆ, ಅಲಗು ಬೆಣ್ಣೆಯನ್ನೂ ಕೊಯ್ಯಲ್ಲ.

ಉಳಿಪೆಟ್ಟು
ಮೊದಲು ಅಲಗಿನ ಚಪ್ಪಟೆ ಬೆನ್ನು ಕನ್ನಡಿ ಆಗಲಿ. ದಪ್ಪ ಗಾಜಿನ ಮೇಲೆ ನೀರು ಹಾಕಿ ಉಜ್ಜೋ ಒರಟು ಕಾಗದ ಅಂಟಿಸಿ ಉಜ್ಜಿ, ಆಮೇಲೆ ನಯದ್ದು. ಇಳಿಜಾರು ಬದಿ 25 ಡಿಗ್ರಿ ಆಸುಪಾಸಿನಲ್ಲಿ. ಬೇರೆ ಎಳೆ ತೆರೀರಿ ಗುರುಗಳೇ, ಇಲ್ಲಿ ಬಾಗಿಲು ನಡೀತಿದೆ.

ಮೂಲೆಮನೆ
ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಪ್ಪ ಶೀಟು ಇಳಿಸೋಕೆ ಬೇರೆಯವರನ್ನ ಕರೆಸ್ತೀನಿ ಅಂದಿದ್ದಾರೆ. ಜಾಗದ ಅಳತೆ ಬರ್ಕೊಂಡಿದ್ದೀನಿ. ಎರಡು ಬಾಗಿಲು ಕಪಾಟಿಗೆ, ಒಂದು ಮೇಜಿಗೆ, ನಾಲ್ಕು ಕಿಟಕಿ ತಡಿಕೆಗೆ, ಒಂದು ತೊಲೆ ಬೆಂಚಿಗೆ. ಇಟ್ಟಿಗೆ ಒಂದು ಪಾತಿಗಾಗುವಷ್ಟು ಮಾತ್ರ. ಪ್ಯಾಲೆಟ್ ಬೇಡ ಅಂದೆ. ಮನೆಯವರು ಪಟ್ಟಿ ನೋಡಿ ಕಿಟಕಿ ಐದು ತಗೋ ಅಂದ್ರು!

ಮೇಜಿನದ್ದೊಂದು ಅನುಮಾನ. ಬಾಗಿಲಲ್ಲಿ ತಗ್ಗು ಅಂಕಣಗಳಿವೆ, ಬರೆಯೋಕೆ ಹೇಗೆ?

ಹಳೇಬಾಗಿಲು
ಮೇಲೆ ಗಾಜು ಹಾಸಿ, ಅಂಚು ಉಜ್ಜಿಸಿ ತನ್ನಿ. ಗಾಜು ಬೇಡ ಅಂದ್ರೆ ತಗ್ಗಿನ ಅಳತೆಗೆ ಪ್ಲೈವುಡ್ ಕೊಯ್ದು ಕೂರಿಸಿ, ಸುತ್ತ ಕೂದಲೆಳೆ ಸಂದು ಬಿಡಿ, ಮರ ಮಳೆಗಾಲದಲ್ಲಿ ಹಿಗ್ಗುತ್ತೆ. ಮೇಜಿನ ಎತ್ತರ 29ರಿಂದ 30 ಅಂಗುಲ. ಬಾಗಿಲಿನ ದಪ್ಪವೂ ಆ ಲೆಕ್ಕದಲ್ಲೇ ಸೇರಲಿ.

ಅಡಿಗೋಲು
ಕಾಲು ಎರಡೇ ತುದಿಗೆ ಕೊಟ್ರೆ ಏಳಡಿ ಬಾಗಿಲು ನಡುವೆ ಕುಣಿಯುತ್ತೆ. ಅಡಿಯಲ್ಲಿ ಉದ್ದಕ್ಕೆ ಒಂದು ರೀಪು ನಿಲ್ಲಿಸಿ ಹೊಡೀರಿ, ಮಲಗಿಸಿ ಅಲ್ಲ.

ತೂಗುಗುಂಡು
ಈ ಸಲ ತಕರಾರಿಲ್ಲ.

ಮೂಲೆಮನೆ
ಆಯ್ತು. ಇನ್ನೊಂದು, ಕಿಟಕಿ ಸರಳು ಅಲ್ಲೇ ಬಿಚ್ಚಲಾ, ಮನೆಗೆ ತಂದು ಬಿಚ್ಚಲಾ?

ಉಳಿಪೆಟ್ಟು
ಚೌಕಟ್ಟು ಸಮೇತ ಎತ್ತಿಕೊಂಡು ಬನ್ನಿ. ಸರಳು ಇರೋತನಕ ಚೌಕಟ್ಟು ಮೂಲೆಮಟ್ಟ ತಪ್ಪಲ್ಲ. ಗೋಡೆಗೆ ಕಚ್ಚಿರೋ ಕಬ್ಬಿಣದ ಕೊಕ್ಕೆ ಎಲ್ಲಿದೆ ನೋಡಿ, ಅದರ ಸುತ್ತ ಗಾರೆ ಕೆತ್ತಿ, ಆಮೇಲೆ ಮೀಟಿ. ಒಬ್ಬರೇ ಹೋಗ್ಬೇಡಿ, ತೂಕ ಇರುತ್ತೆ.

ಕಡ್ಡಿಪುಡಿ
ಯಾವ ದಿನ ಹೋಗ್ತೀರಿ? ನನ್ನ ಹತ್ರ ಗಾಡಿ ಇದೆ. ಒಂದು ಬಾಗಿಲು ಉಳಿದ್ರೆ ಹೇಳಿ.